ಹಳೆಯ ಪಟ್ಟಣದ ಮನೆಯನ್ನು ಕಚೇರಿಯಾಗಿಸುವುದು: ಮಾಡಿನಿಂದ ನೆಲಮಾಳಿಗೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಬೀದಿಗೆ ಆರೇಳು ಮೀಟರ್ ಅಗಲದ ಮುಖ, ಎರಡೂ ಮಗ್ಗುಲಲ್ಲಿ ನೆರೆಮನೆಯೊಂದಿಗೆ ಹಂಚಿಕೊಂಡ ಗೋಡೆ, ಮೂರರಿಂದ ಐದು ಅಂತಸ್ತು, ಎಲ್ಲಕ್ಕೂ ಒಂದೇ ಮೆಟ್ಟಿಲು. ಲಂಡನ್ನಿನ ಜಾರ್ಜಿಯನ್ (ಹದಿನೆಂಟನೇ ಶತಮಾನದ ಆಸುಪಾಸಿನ) ಸಾಲುಮನೆ, ಡಬ್ಲಿನ್ನಿನ ಚೌಕದ ಮನೆ, ಆಮ್‌ಸ್ಟರ್‌ಡ್ಯಾಮಿನ ಕಾಲುವೆ ದಂಡೆಯ ಮನೆ, ಎಲ್ಲವುಗಳ ಒಡಲೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಇಂಥ ಮನೆ ಒಳ್ಳೆಯ ಕಚೇರಿಯಾಗಬಲ್ಲದು. ಲಂಡನ್ನಿನ ಬೆಡ್‌ಫರ್ಡ್ ಸ್ಕ್ವೇರ್ 1775ರಿಂದ 1783ರ ನಡುವೆ ವಾಸಕ್ಕೆಂದು ಎದ್ದದ್ದು. ಅಲ್ಲಿನ ಹಲವು ಮನೆಗಳು ಇಂದು ಕಚೇರಿಗಳು, ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆ 1917ರಿಂದಲೂ ಅಲ್ಲೇ ಇದೆ, ಚೌಕದ ರೂಪ ಮಾತ್ರ ಹಾಗೆಯೇ ಉಳಿದಿದೆ. ಡಬ್ಲಿನ್ನಿನ ಲೋವರ್ ಫಿಟ್ಸ್‌ವಿಲಿಯಂ ಬೀದಿಯಲ್ಲಿ ಆದದ್ದು ಬೇರೆ. 1960ರ ದಶಕದಲ್ಲಿ ಅಲ್ಲಿ ಕಚೇರಿ ಕಟ್ಟಡಕ್ಕಾಗಿ 16 ಮನೆಗಳನ್ನು ಕೆಡವಿದರು.

ಮೇಜುಗಳ ನಕ್ಷೆಯನ್ನು ಮೊದಲು ಬರೆದು ಆಮೇಲೆ ಮನೆಯನ್ನು ಅದಕ್ಕೆ ಒಗ್ಗಿಸಲು ಹೋದರೆ ಗೋಡೆ ಒಡೆಯಬೇಕು, ನೆಲ ಹೊತ್ತ ಮರದ ಜಂತೆ ಕೊರೆಯಬೇಕು, ಕೊನೆಗೆ ಕಚೇರಿಯೂ ಸರಿಹೋಗುವುದಿಲ್ಲ. ಎಲ್ಲಿ ಭಾರ ಇಡಬಹುದು, ಎಲ್ಲಿ ಕೊಳವೆ ಇಳಿಯುತ್ತದೆ, ಎಲ್ಲಿ ಮಾತಾಡಬಹುದು ಎಂಬುದನ್ನು ಮನೆ ಆಗಲೇ ನಿರ್ಧರಿಸಿದೆ. ಅದನ್ನು ಓದಿಕೊಂಡ ಮೇಲೆ ನಕ್ಷೆಗೆ ಕೈಹಾಕಬೇಕು.

ಮೊದಲು ಮನೆಯನ್ನು ಓದಿ

ಪ್ರತಿ ಅಂತಸ್ತನ್ನೂ 1:50 ಅಳತೆಯಲ್ಲಿ ಬರೆಯಿಸಿ. ಗೋಡೆಯ ದಪ್ಪ, ನೆಲದ ಮಟ್ಟ, ಜಂತೆಗಳ ದಿಕ್ಕು ಮೂರೂ ಅದರಲ್ಲಿರಬೇಕು. ಜಂತೆಯ ದಿಕ್ಕು ತಿಳಿಯಲು ನೆಲ ಕೀಳಬೇಕಾಗಿಲ್ಲ: ಹಲಗೆಗಳು ಜಂತೆಗೆ ಅಡ್ಡಲಾಗಿ ಕೂರುತ್ತವೆ, ಮೊಳೆಗಳ ಸಾಲು ಜಂತೆಯ ನೆತ್ತಿಯ ಮೇಲೆಯೇ ಓಡುತ್ತದೆ. ಎರಡು ಸಾಲುಗಳ ನಡುವಿನ ದೂರವೇ ಜಂತೆಗಳ ಅಂತರ. ಹಿಂದೆ ಯಾರೋ ಕತ್ತರಿಸಿ ಎತ್ತಿದ ಹಲಗೆ ಎಲ್ಲಾದರೂ ಇದ್ದೇ ಇರುತ್ತದೆ. ಅದನ್ನೇ ಮತ್ತೆ ಎತ್ತಿ ಜಂತೆಯ ಅಗಲ, ಎತ್ತರ, ತುದಿಯ ಸ್ಥಿತಿ ನೋಡಿ. ಇಡೀ ಉದ್ದದ ಹಳೆಯ ಹಲಗೆಗೆ ಸುಮ್ಮನೆ ಕೈಹಾಕಬೇಡಿ, ಮತ್ತೆ ಕೂರಿಸುವಾಗ ಅಂಚು ಒಡೆಯುತ್ತದೆ.

ಹೊರಗೆ ನಿಂತು ಕಿಟಕಿಗಳನ್ನು ನೋಡಿದರೆ ಒಳಗಿನ ಅಂತಸ್ತಿನ ಮರ್ಯಾದೆ ತಿಳಿಯುತ್ತದೆ. ಜಾರ್ಜಿಯನ್ ಮನೆಯಲ್ಲಿ ಮೊದಲ ಮಹಡಿಯ ಕಿಟಕಿ ಎಲ್ಲಕ್ಕಿಂತ ಎತ್ತರ. ಅಲ್ಲಿದ್ದದ್ದು ಅತಿಥಿಗಳ ದಿವಾನಖಾನೆ, ಒಳ್ಳೆಯ ಗಿಲಾವಿನ ಕೆಲಸವೆಲ್ಲ ಅಲ್ಲೇ. ಮೇಲೇರಿದಂತೆ ಕಿಟಕಿ ಕುಗ್ಗುತ್ತದೆ, ಕೆತ್ತನೆ ಕಡಿಮೆಯಾಗುತ್ತದೆ, ಹಲವು ಮನೆಗಳಲ್ಲಿ ಜಂತೆಯೂ ತೆಳುವಾಗುತ್ತದೆ. ಇಟ್ಟಿಗೆ ಕಟ್ಟಿ ಮುಚ್ಚಿದ ಕಿಟಕಿ ಕಂಡೊಡನೆ ತೆರೆಸುವ ಆಸೆ ಸಹಜ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿ ತೆರಿಗೆ ಇದ್ದದ್ದರಿಂದ ಕೆಲವನ್ನು ಮುಚ್ಚಿದ್ದು ನಿಜ. ಆದರೆ ಎಷ್ಟೋ ಕಿಟಕಿಗಳು ಮುಖದ ಸಮತೋಲಕ್ಕೆಂದು ಕಟ್ಟುವಾಗಲೇ ಕುರುಡಾಗಿದ್ದವು, ಅಂಥದರ ಹಿಂದೆ ಹೊಗೆಗೂಡಿನ ಕೊಳವೆ ಇರಬಹುದು. ಒಳಗಿನಿಂದ ಸಣ್ಣ ರಂಧ್ರ ಕೊರೆದು ನೋಡದೆ ಒಂದು ಇಟ್ಟಿಗೆಯನ್ನೂ ಕೀಳಬೇಡಿ.

ಇಂಥ ಬಹಳ ಮನೆಗಳು ಕಳೆದ ಶತಮಾನದಲ್ಲೇ ಒಮ್ಮೆ ಕಚೇರಿಯಾಗಿದ್ದಿರುತ್ತವೆ. ತೂಗುಚಾವಣಿಯ ಮೇಲೆ ಮೂಲ ಚಾವಣಿಯ ಅಂಚುಪಟ್ಟಿ ಹಾಗೇ ಉಳಿದಿರಬಹುದು, ಪಕ್ಕದಲ್ಲೇ ಕೊಳವೆಗೆ ಸುತ್ತಿದ ಕಲ್ನಾರು (ಆಸ್ಬೆಸ್ಟಾಸ್) ಕೂಡ. ಯಾವ ಹೊದಿಕೆಯನ್ನು ಬಿಚ್ಚುವ ಮೊದಲೂ ಕಲ್ನಾರಿನ ಪರೀಕ್ಷೆ ಆಗಲಿ. ಹಳೆಯ ಬಣ್ಣದಲ್ಲಿ ಸೀಸ ಇದೆ ಎಂದೇ ಭಾವಿಸಿ, ಒಣ ಸ್ಯಾಂಡ್‌ಪೇಪರ್ ಹಾಕಬೇಡಿ.

ಅನುಮತಿಗಳು ಪ್ರತಿ ದೇಶದಲ್ಲೂ ಬೇರೆ. ಸಾಮಾನ್ಯವಾಗಿ ಬಳಕೆ ಬದಲಾವಣೆ, ಪರಂಪರೆ, ಬೆಂಕಿ ಸುರಕ್ಷತೆ ಇವು ಮೂರು ಬೇರೆ ಬೇರೆ ಬಾಗಿಲುಗಳು, ಒಂದರ ಒಪ್ಪಿಗೆ ಇನ್ನೊಂದಕ್ಕೆ ನಡೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಪರಂಪರೆಯ ಪಟ್ಟಿಗೆ ಸೇರಿದ ಕಟ್ಟಡದ ರಕ್ಷಣೆ ಒಳಭಾಗಕ್ಕೂ ಅನ್ವಯಿಸುತ್ತದೆ. 1990ರ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಅದರ ಸ್ವರೂಪ ಬದಲಿಸುವುದು ಅಪರಾಧ.

ನೀರನ್ನು ನಿಲ್ಲಿಸದೆ ಬೇರೆ ಕೆಲಸ ಬೇಡ

ಲಂಡನ್ನಿನ ಬಹಳಷ್ಟು ಸಾಲುಮನೆಗಳಲ್ಲಿ ಮುಂಗೋಡೆಯ ಕೈಪಿಡಿ ಗೋಡೆಯ (ಮಾಡಿನ ಅಂಚಿಗಿಂತ ಮೇಲೆದ್ದ ಗೋಡೆಯ) ಹಿಂದೆ ಮಾಡು ಅಡಗಿದೆ. ಎರಡು ಇಳಿಜಾರುಗಳು ನಡುವೆ ಸೇರುವ ಕಡೆ ಮಳೆನೀರು ಹರಿಯುವ ದೋಣಿ, ಅದು ಮನೆಯ ನಟ್ಟನಡುವೆ ಹಾಯುತ್ತದೆ. ದೋಣಿ ಕಟ್ಟಿಕೊಂಡರೆ ನೀರು ಬೀದಿಗೆ ಬೀಳದೆ ಮನೆಯೊಳಗೆ ಇಳಿಯುತ್ತದೆ, ಜಂತೆಯ ತುದಿಗಳನ್ನು ವರ್ಷಗಟ್ಟಲೆ ನೆನೆಸುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಹಾಗಾಗಿ ಮೊದಲ ಹಣ ದೋಣಿಗೆ, ಸೀಸದ ತಗಡಿಗೆ, ಇಳಿಕೊಳವೆಗೆ ಹೋಗಲಿ. ದೋಣಿ ಕಟ್ಟಿಕೊಂಡಾಗ ನೀರು ಹೊರಗೆ ಕಾಣುವಂತೆ ಚಿಮ್ಮಲು ಕೈಪಿಡಿ ಗೋಡೆಯಲ್ಲಿ ಒಂದು ತುರ್ತು ತೂಬು ಬೇಕೇ ಬೇಕು.

ಮರದ ತೇವವನ್ನು ಮೀಟರ್ ಹಚ್ಚಿ ಅಳೆಯಿರಿ. ಶೇ. 20ಕ್ಕಿಂತ ಕೆಳಗಿದ್ದರೆ ಶಿಲೀಂಧ್ರ ಬೆಳೆಯುವುದಿಲ್ಲ. ಮೇಲಿದ್ದರೆ ಮೊದಲು ನೀರಿನ ಮೂಲ ಹುಡುಕಿ, ಮದ್ದು ಬಳಿಯುವುದು ಆಮೇಲಿನ ಮಾತು. ಒಣಕೊಳೆ ಎಂದು ಹೆಸರಾದ ಶಿಲೀಂಧ್ರ ಇಟ್ಟಿಗೆ ಗೋಡೆಯೊಳಗೂ ನೂಲು ಚಾಚಿ ಇನ್ನೊಂದು ಮರವನ್ನು ಹುಡುಕಿಕೊಳ್ಳುತ್ತದೆ. ಕೊಳೆತ ತುದಿಯನ್ನಷ್ಟೇ ಕತ್ತರಿಸಿ ನೀರನ್ನು ಬಿಟ್ಟರೆ ಅದು ಮತ್ತೆ ಬರುತ್ತದೆ. ನೆನೆದ ಗೋಡೆ ಒಣಗುವುದು ತಿಂಗಳಿಗೆ ಸುಮಾರು 25 ಮಿಮೀ ಲೆಕ್ಕದಲ್ಲಿ. 340 ಮಿಮೀ ಗೋಡೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು ಎಂಬುದನ್ನು ಕೆಲಸದ ವೇಳಾಪಟ್ಟಿಯಲ್ಲೇ ಬರೆದಿಡಿ. ಅವಸರಕ್ಕೆ ಬಿದ್ದು ಪ್ಲಾಸ್ಟಿಕ್ ಬಣ್ಣ ಬಳಿದರೆ ಮೊದಲ ಚಳಿಗಾಲಕ್ಕೇ ಗುಳ್ಳೆ ಏಳುತ್ತದೆ.

ಗೋಡೆಯ ಸಂದು ತುಂಬಲು ಸಿಮೆಂಟ್ ಬಳಸಬೇಡಿ. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆದು, ತೇವ ಅದರ ಮೂಲಕ ಹೊರಹೋಗುತ್ತದೆ, ಸವೆಯುವುದೂ ಅದೇ. ಸಿಮೆಂಟ್ ಹಾಕಿದರೆ ತೇವ ಇಟ್ಟಿಗೆಯಿಂದ ಹೊರಬರಬೇಕಾಗುತ್ತದೆ, ಆಗ ಇಟ್ಟಿಗೆಯ ಮುಖವೇ ಪದರ ಪದರವಾಗಿ ಉದುರುತ್ತದೆ. ಹಳೆಯ ಗಾರೆಯನ್ನು ಸಂದಿನ ಅಗಲದ ಎರಡರಷ್ಟು ಆಳಕ್ಕೆ, ಕಡಿಮೆ ಎಂದರೂ 20 ಮಿಮೀ, ಕೈಯಿಂದಲೇ ಕೆರೆಯಿರಿ. ಯಂತ್ರದ ಚಕ್ರ ಇಟ್ಟಿಗೆಯ ಅಂಚನ್ನು ತಿನ್ನುತ್ತದೆ. ಸಂದು ನೆನೆಸಿ, ಒಂದು ಪಾಲು ಸುಣ್ಣಕ್ಕೆ ಎರಡೂವರೆ ಮೂರು ಪಾಲು ಚೂಪು ಮರಳು ಕಲಸಿ ಒತ್ತಿ ತುಂಬಿ, ಕೆಲವು ದಿನ ಒದ್ದೆ ಗೋಣಿಬಟ್ಟೆ ಮುಚ್ಚಿ. 5 ಡಿಗ್ರಿಗಿಂತ ತಣ್ಣಗಿನ ದಿನಗಳಲ್ಲಿ ಈ ಕೆಲಸ ಬೇಡ.

ನೆಲ ಎಷ್ಟು ಹೊರುತ್ತದೆ

ಈ ಇಡೀ ಪರಿವರ್ತನೆಯಲ್ಲಿ ಹೆಚ್ಚು ಹಾನಿ ಮಾಡುವುದು ನೆಲದ ಭಾರದ ಬಗೆಗಿನ ತಪ್ಪು ಲೆಕ್ಕ. ತಪ್ಪು ಎರಡೂ ಕಡೆ ಆಗುತ್ತದೆ.

ಬ್ರಿಟನ್ನಿನ ಮಾನದಂಡದಲ್ಲಿ ಮನೆಯ ನೆಲ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ, ಹೊರಬೇಕು. ಸಾಮಾನ್ಯ ಕಚೇರಿಗೆ 2.5, ಸುಮಾರು 255 ಕೆಜಿ. ಆದರೆ ಬಾಡಿಗೆ ಮಾರುಕಟ್ಟೆಯಲ್ಲಿ 4 ಅಥವಾ 5 ಕಿಲೋನ್ಯೂಟನ್ ಕೇಳುವ ಅಭ್ಯಾಸ ಬಹುಕಾಲ ನಡೆದಿತ್ತು. ಆ ಅಂಕಿಗಾಗಿ ಎಷ್ಟೋ ಮನೆಗಳ ಮರದ ನೆಲ ಕಿತ್ತು ಉಕ್ಕಿನ ತೊಲೆ ತೂರಿಸಿದರು, ಕೆಳಗಿನ ಗಿಲಾವಿನ ಚಾವಣಿ ಅದರ ಜತೆಗೇ ಹೋಯಿತು. ಜನ, ಮೇಜು, ಕುರ್ಚಿ, ಕಂಪ್ಯೂಟರ್ ಇಷ್ಟೇ ಇರುವ ಕೋಣೆಗೆ 2.5 ಧಾರಾಳ ಸಾಕು. ಯಾವುದೇ ಬಲವರ್ಧನೆ ಒಪ್ಪುವ ಮೊದಲು ಈ ಒಂದು ಅಂಕಿಯನ್ನು ಎಂಜಿನಿಯರ್ ಜತೆ ಕೂತು ಚರ್ಚಿಸಿ.

ಇನ್ನೊಂದು ತಪ್ಪು ಕಾಗದವನ್ನು ಹಗುರ ಎಂದುಕೊಳ್ಳುವುದು. 80 ಗ್ರಾಂ ದಪ್ಪದ ಎ4 ಹಾಳೆ 500 ಸೇರಿದರೆ ಎರಡೂವರೆ ಕೆಜಿ. ತುಂಬಿದ ದಪ್ಪ ಫೈಲು ಒಂದಕ್ಕೆ ಸುಮಾರು 3 ಕೆಜಿ, ಒಂದು ಮೀಟರ್ ಅಟ್ಟಣೆಯಲ್ಲಿ ಅಂಥವು 12 ಹಿಡಿಯುತ್ತವೆ. ಐದು ಅಟ್ಟಣೆಗೆ 180 ಕೆಜಿ, ರ‍್ಯಾಕಿನ ತೂಕ ಸೇರಿ 200 ದಾಟುತ್ತದೆ. ಅದು ಕೂರುವ ಜಾಗ 0.35 ಚದರ ಮೀಟರ್. ಅಂದರೆ ಚದರ ಮೀಟರಿಗೆ ಸುಮಾರು 600 ಕೆಜಿ, ಕಚೇರಿ ಲೆಕ್ಕದ ಎರಡು ಪಟ್ಟಿಗಿಂತ ಹೆಚ್ಚು. ಹಾಗಾಗಿ ಕಡತಗಳು ನೆಲಮಾಳಿಗೆಗೆ, ಅಲ್ಲಿ ತೇವ ಇದ್ದರೆ ನೆಲ ಅಂತಸ್ತಿನ ಗಟ್ಟಿ ನೆಲಕ್ಕೆ. ಮಹಡಿಯಲ್ಲೇ ಒಂದಷ್ಟು ಬೇಕಾದರೆ ಜಂತೆಗಳ ತುದಿ ಊರಿದ ಗೋಡೆಗೆ ಒರಗಿಸಿ ಇಡಿ. ಅಲ್ಲಿ ಹಲವು ಜಂತೆಗಳು ಭಾರ ಹಂಚಿಕೊಳ್ಳುತ್ತವೆ, ಅದೂ ಆಸರೆಯ ಪಕ್ಕದಲ್ಲೇ. ಜಂತೆಗೆ ಸಮಾನಾಂತರವಾಗಿ ಕೋಣೆಯ ನಡುವೆ ರ‍್ಯಾಕ್ ನಿಲ್ಲಿಸಿದರೆ ಒಂದೋ ಎರಡೋ ಜಂತೆಯೇ ಎಲ್ಲವನ್ನೂ ಹೊರಬೇಕು.

ಹಳೆಯ ನೆಲ ನಡುವೆ 20–30 ಮಿಮೀ ತಗ್ಗಿರುವುದು ಸಾಮಾನ್ಯ, ಶತಮಾನಗಳಿಂದ ಮರ ನಿಧಾನವಾಗಿ ಬಾಗಿದ್ದು. ನೋಡಬೇಕಾದ್ದು ಅದು ಇಂದಿಗೂ ಅಲುಗುತ್ತದೆಯೇ ಎಂಬುದನ್ನು. ನಡುವೆ ಹಿಮ್ಮಡಿ ಊರಿ ಕುಪ್ಪಳಿಸಿದಾಗ ಪಕ್ಕದ ಮೇಜಿನ ಲೋಟದ ನೀರು ನಡುಗಿದರೆ ನೆಲಕ್ಕೆ ಬಿಗಿತ ಸಾಲದು. ಮೊದಲು ಜಂತೆಗಳ ನಡುವೆ ಗಟ್ಟಿ ಅಡ್ಡತುಂಡುಗಳನ್ನು ಬಿಗಿಯಾಗಿ ಕೂರಿಸಿ ನೋಡಿ, ಎಷ್ಟೋ ನೆಲಗಳಿಗೆ ಇಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಜಂತೆಯ ಮಗ್ಗುಲಿಗೆ ಹೊಸ ಜಂತೆ ಜೋಡಿಸಿ ಬೋಲ್ಟ್ ಹಾಕುವುದು. ಎಲ್ಲವೂ ಮೇಲಿನಿಂದ, ಹಲಗೆ ಎತ್ತಿ, ಸ್ಕ್ರೂ ಹಾಕಿಯೇ ಆಗಬೇಕು. ಸುತ್ತಿಗೆಯ ಏಟಿಗೆ ಕೆಳಗಿನ ಚಾವಣಿಯ ಗಿಲಾವು ಕಳಚುತ್ತದೆ: ಮರದ ಪಟ್ಟಿಗಳ ಸಂದಿನಿಂದ ಮೇಲೆ ನುಗ್ಗಿ ಗಟ್ಟಿಯಾದ ಗಾರೆಯ ಗುಬುಟುಗಳೇ ಅದನ್ನು ಹಿಡಿದಿಟ್ಟಿವೆ, ಅವು ಪಟಪಟನೆ ಮುರಿಯುತ್ತವೆ. ಹಳೆಯ ಹಲಗೆಯ ಮೇಲೆ ಪ್ಲೈವುಡ್ ಹಾಸಿ ಬಿಗಿತ ತರುವವರಿದ್ದಾರೆ. ಅದರಿಂದ ನೆಲ 18 ಮಿಮೀ ಏರುತ್ತದೆ, ಬಾಗಿಲ ಕೆಳಗನ್ನು ಕತ್ತರಿಸಬೇಕಾಗುತ್ತದೆ, ಮೆಟ್ಟಿಲಿನ ಕೊನೆಯ ಏರು ಬೇರೆ ಅಳತೆಯದಾಗಿ ಜನ ಎಡವುತ್ತಾರೆ.

ಜಂತೆಗಳ ನಡುವೆ ಮರಳೋ ಬೂದಿಯೋ ತುಂಬಿದ್ದರೆ ಕಸ ಎಂದು ತೆಗೆದುಹಾಕಬೇಡಿ. 50 ಮಿಮೀ ಮರಳು ಚದರ ಮೀಟರಿಗೆ 80 ಕೆಜಿ ತೂಗುತ್ತದೆ ನಿಜ. ಆದರೆ ಅಂತಸ್ತುಗಳ ನಡುವೆ ಮಾತು ಸೋರದಂತೆ, ಬೆಂಕಿ ಬೇಗ ದಾಟದಂತೆ ತಡೆಯುತ್ತಿರುವುದು ಅದೇ.

ಯಾವ ಗೋಡೆಯನ್ನು ಮುಟ್ಟಬಾರದು

ಮುಂದಿನ ಮತ್ತು ಹಿಂದಿನ ಕೋಣೆಗಳ ನಡುವಿನ ಮರದ ಗೋಡೆ ಬರೀ ಪರದೆಯಂತೆ ಕಾಣುತ್ತದೆ. ಹಲವು ಮನೆಗಳಲ್ಲಿ ಅದರೊಳಗೆ ಓರೆಗಂಬಗಳ ಒಂದು ಚೌಕಟ್ಟು ಅಡಗಿದ್ದು, ಅದು ತನ್ನ ಮೇಲಿನ ನೆಲವನ್ನೂ ಕೆಲವೊಮ್ಮೆ ಕೆಳಗಿನದನ್ನೂ ಹೊರುತ್ತದೆ. ಹಿಂದೆ ಬಾಗಿಲು ತೆರೆಯಲು ಯಾರೋ ಓರೆಗಂಬ ಕತ್ತರಿಸಿದ್ದರೆ ಮೇಲಿನ ಕೋಣೆಯ ನೆಲ ಅದೇ ಜಾಗದ ಕಡೆಗೆ ವಾಲಿರುತ್ತದೆ. ತೆರೆದ ಸಭಾಂಗಣ ಬೇಕೆಂದು ಈ ಗೋಡೆ ತೆಗೆಯುವ ಯೋಚನೆಯನ್ನೇ ಬಿಡಿ. ಮೊದಲಿಂದಲೂ ಮಡಿಕೆ ಬಾಗಿಲು ಇದ್ದ ಕಡೆ ಅದನ್ನು ತೆರೆದಿಟ್ಟರೆ ಎರಡು ಕೋಣೆ ಒಂದಾಗುತ್ತವೆ.

ಮುಂಗೋಡೆ ಇನ್ನೂ ನಾಜೂಕು. ಒಳ್ಳೆಯ ಇಟ್ಟಿಗೆ ದುಬಾರಿ ಎಂದು ಹೊರಪದರಕ್ಕೆ ಮಾತ್ರ ಬಳಸಿ, ಒಳಕ್ಕೆ ಹೋಗಬೇಕಾದ ಅಡ್ಡ ಇಟ್ಟಿಗೆಗಳನ್ನು ಅರ್ಧಕ್ಕೆ ಮುರಿದು ಇಡುತ್ತಿದ್ದರು. ನೋಡಲು ಫ್ಲೆಮಿಷ್ ಕಟ್ಟು (ಉದ್ದ, ಅಡ್ಡ ಇಟ್ಟಿಗೆ ಒಂದಾದ ಮೇಲೊಂದು ಬರುವ ಕ್ರಮ), ಒಳಗೆ ಎರಡು ಪದರಗಳಿಗೆ ನಂಟೇ ಇಲ್ಲ. ಮುಂಗೋಡೆ ಮಗ್ಗುಲ ಗೋಡೆಗೂ ಸರಿಯಾಗಿ ಹೆಣೆದಿರುವುದಿಲ್ಲ. ತೂಗುಗುಂಡು ಇಳಿಬಿಟ್ಟು ಪ್ರತಿ ಅಂತಸ್ತಿನಲ್ಲಿ ಉಬ್ಬು ಅಳೆಯಿರಿ. ಉಬ್ಬು ನಿಂತಿದೆಯೋ ಬೆಳೆಯುತ್ತಿದೆಯೋ ತಿಳಿಯಲು ಬಿರುಕಿನ ಮೇಲೆ ಅಳತೆಪಟ್ಟಿ ಹಚ್ಚಿ ಒಂದು ವರ್ಷದ ಎಲ್ಲ ಋತುಗಳನ್ನೂ ನೋಡುವುದು ಒಳ್ಳೆಯದು. ಪದರ ಬೇರ್ಪಟ್ಟ ಕಡೆ ತುಕ್ಕುಹಿಡಿಯದ ಉಕ್ಕಿನ ಕಡ್ಡಿಗಳನ್ನು ಸಂದಿನಲ್ಲಿ ತೂರಿಸಿ ಹೆಣೆಯಬಹುದು. ಜಂತೆಗಳು ಮುಂಗೋಡೆಗೆ ಸಮಾನಾಂತರವಾಗಿದ್ದರೆ ಗೋಡೆಗೆ ಹಿಡಿತವೇ ಇರುವುದಿಲ್ಲ. ಅಲ್ಲಿ 30×5 ಮಿಮೀ ಉಕ್ಕಿನ ಪಟ್ಟಿಗಳನ್ನು 2 ಮೀಟರ್ ಮೀರದ ಅಂತರದಲ್ಲಿ, ಕಡಿಮೆ ಎಂದರೂ ಮೂರು ಜಂತೆ ದಾಟುವಂತೆ, ನಡುವೆ ಅಡ್ಡತುಂಡು ಕೊಟ್ಟು ಬಿಗಿಯಬೇಕು.

ಪಕ್ಕಪಕ್ಕದ ಎರಡು ಮನೆ ಕೂಡಿಸುವುದಾದರೆ ಅಂತಸ್ತಿಗೆ ಒಂದೇ ಬಾಗಿಲು, 900 ಮಿಮೀ ಅಗಲ, ಬೆಂಕಿ ತಡೆಯುವ ಕದ ಸಹಿತ. ಎರಡೂ ಮನೆಗಳ ನೆಲಮಟ್ಟ ಅಪರೂಪಕ್ಕೆ ಒಂದೇ ಆಗಿರುತ್ತದೆ, ಮೊದಲೇ ಅಳೆಯಿರಿ. ಮುಂದೆ ಮತ್ತೆ ಎರಡಾಗಿಸಬೇಕೆಂದರೆ ಇಟ್ಟಿಗೆ ಕಟ್ಟಿ ಮುಚ್ಚಿದರೆ ಮುಗಿಯಬೇಕು.

ಬೆಂಕಿ ಮತ್ತು ಒಂದೇ ಮೆಟ್ಟಿಲು

ಹೊರಬರಲು ಇರುವುದು ಒಂದೇ ದಾರಿ ಎಂಬುದು ಎಲ್ಲ ನಿರ್ಧಾರಗಳಿಗೂ ಬುನಾದಿ. ಇಂಗ್ಲೆಂಡಿನ ಮಾರ್ಗಸೂಚಿಯಲ್ಲಿ ಕಚೇರಿಯಲ್ಲಿ ಒಂದೇ ದಿಕ್ಕಿಗೆ ತಪ್ಪಿಸಿಕೊಳ್ಳುವ ದೂರದ ಮಿತಿ 18 ಮೀಟರ್. ಇಂಥ ಮನೆಗಳ ಕೋಣೆ ಚಿಕ್ಕದಾದ್ದರಿಂದ ದೂರ ಸಾಮಾನ್ಯವಾಗಿ ತೊಂದರೆಯಲ್ಲ, ಮೆಟ್ಟಿಲಿಗೆ ಹೊಗೆ ಬರದಂತೆ ನೋಡಿಕೊಳ್ಳುವುದೇ ಕೆಲಸ. ಮೆಟ್ಟಿಲ ಸಾಲೆಗೆ ತೆರೆಯುವ ಪ್ರತಿ ಕದವೂ 30 ನಿಮಿಷ ತಡೆಯಬೇಕು, ತಾನೇ ಮುಚ್ಚಿಕೊಳ್ಳಬೇಕು. ಸಾಲೆಯಲ್ಲಿ ನಕಲು ಯಂತ್ರ, ಸೋಫಾ, ಕಾಗದದ ಡಬ್ಬ ಯಾವುದೂ ಇರಬಾರದು.

ಮೂಲ ಕದಗಳನ್ನು ಕಿತ್ತು ಹೊಸದು ಹಾಕಬೇಕಾಗಿಲ್ಲ. ಹಳೆಯ ಕದದ ಚೌಕಟ್ಟು ದಪ್ಪ, ದುರ್ಬಲ ಜಾಗ ನಡುವಿನ ತೆಳು ಹಲಗೆ ಮತ್ತು ಅದು ಚೌಕಟ್ಟಿಗೆ ಸೇರುವ ಅಂಚು. ಬಿಸಿಗೆ ಉಬ್ಬುವ ಬಣ್ಣ ಅಥವಾ ಹಾಳೆಯನ್ನು ಕೋಣೆಯ ಕಡೆಯಿಂದ ಹಲಗೆಗೆ ಹಚ್ಚಿ, ಅದೇ ಗುಣದ ಪಟ್ಟಿಯನ್ನು ಬಾಗಿಲಿನ ಅಂಚಿನ ಸೀಳಿನಲ್ಲಿ ಕೂರಿಸಿ, ಸುತ್ತಲ ಸಂದನ್ನು 3 ಮಿಮೀಗೆ ತನ್ನಿ. ಬಳಸುವ ಸಾಮಗ್ರಿಗೆ ಅಂಥದೇ ದಪ್ಪದ ಕದದ ಮೇಲೆ ನಡೆದ ಪರೀಕ್ಷೆಯ ವರದಿ ಇರಲಿ. ಕದ ಎಷ್ಟೇ ಗಟ್ಟಿಯಿದ್ದರೂ ಪಕ್ಕದ ಗೋಡೆಯಲ್ಲಿ ತಂತಿಗೆಂದು ಕೊರೆದ ತೂತು ತೆರೆದಿದ್ದರೆ ಹೊಗೆ ಅಲ್ಲಿಂದಲೇ ಬರುತ್ತದೆ. ಕೆಲಸ ಮುಗಿದಾಗ ಪ್ರತಿ ತೂತನ್ನೂ ಎಣಿಸಿ ಮುಚ್ಚಿಸಿ.

ಕೊಳವೆ, ತಂತಿ, ಗಾಳಿ

ಜಂತೆಯನ್ನು ಕೊಲ್ಲುವುದು ಕೊಳಾಯಿಯವರ ಗರಗಸ. ಜಂತೆಯ ಬಲ ಅದರ ಎತ್ತರದ ವರ್ಗಕ್ಕೆ (ಎತ್ತರ × ಎತ್ತರ) ತಕ್ಕಂತೆ ಇರುತ್ತದೆ. 200 ಮಿಮೀ ಜಂತೆಯ ನೆತ್ತಿಯಲ್ಲಿ 50 ಮಿಮೀ ಕಚ್ಚು ಹಾಕಿದರೆ ಆ ಜಾಗದಲ್ಲಿ ಸುಮಾರು ಶೇ. 44ರಷ್ಟು ಬಲ ಹೋಯಿತು. ನಿಯಮ ಇಷ್ಟು: ಕಚ್ಚಿನ ಆಳ ಎತ್ತರದ ಎಂಟನೇ ಒಂದು ಭಾಗ ಮೀರಬಾರದು, ಆಸರೆಯಿಂದ ಹರಹಿನ (ಎರಡು ಆಸರೆಗಳ ನಡುವಿನ ದೂರದ) 0.07ರಿಂದ 0.25ರೊಳಗೆ ಇರಬೇಕು. ರಂಧ್ರ ಎತ್ತರದ ಕಾಲುಭಾಗ ಮೀರಬಾರದು, ಎತ್ತರದ ನಟ್ಟನಡುವೆ ಇರಬೇಕು, ಹರಹಿನ 0.25ರಿಂದ 0.4ರೊಳಗೆ ಬರಬೇಕು. 4 ಮೀಟರ್ ಹರಹಿನ 200 ಮಿಮೀ ಜಂತೆಯಲ್ಲಿ ಆಸರೆಯಿಂದ 280 ಮಿಮೀ ಮತ್ತು 1 ಮೀಟರ್ ನಡುವೆ 25 ಮಿಮೀ ಕಚ್ಚು, 1 ಮತ್ತು 1.6 ಮೀಟರ್ ನಡುವೆ 50 ಮಿಮೀ ರಂಧ್ರ, ಅಷ್ಟೇ. ಈ ಅಂಕಿಗಳನ್ನು ಗೋಡೆಗೆ ಅಂಟಿಸಿ. ಹಾಗಿದ್ದರೂ ಜಂತೆಗೆ ಸಮಾನಾಂತರವಾಗಿ ಎಳೆಯುವ ದಾರಿಯೇ ಉತ್ತಮ.

ಶೌಚಾಲಯದ ಜಾಗವನ್ನು ಇಳಿಜಾರು ನಿರ್ಧರಿಸುತ್ತದೆ. 100 ಮಿಮೀ ಕೊಳವೆಗೆ 1:40 ಇಳಿಜಾರು ಕೊಟ್ಟರೆ 4 ಮೀಟರ್ ದೂರಕ್ಕೆ 100 ಮಿಮೀ ಇಳಿತ. ಕೊಳವೆಯ ದಪ್ಪ ಸೇರಿ ಇದು 200 ಮಿಮೀ ಜಂತೆಯೊಳಗೆ ಅಡ್ಡಲಾಗಿ ಹೋಗಲಾರದು. ಹಾಗಾಗಿ ಶೌಚಾಲಯಗಳು ಹಿಂಗೋಡೆಯ ಇಳಿಕೊಳವೆಗೆ ಅಂಟಿಕೊಂಡು, ಒಂದರ ಮೇಲೊಂದು, ಆದಷ್ಟೂ ಹಿಂಬದಿಯ ಸಣ್ಣ ಕೋಣೆಗಳಲ್ಲಿ ಬರಲಿ. ದಿವಾನಖಾನೆಯ ಮೂಲೆಯಲ್ಲಿ ಡಬ್ಬಿಯಂತೆ ಶೌಚಾಲಯ ಕಟ್ಟಿ ಅಂಚುಪಟ್ಟಿಯನ್ನು ಕತ್ತರಿಸಿದ ಮನೆಗಳನ್ನು ನೋಡಿದರೆ ಸಂಕಟವಾಗುತ್ತದೆ.

ತಂತಿಗಳು ಮೇಲೇರಲು ಬಳಸದ ಹೊಗೆಗೂಡು ಸಿದ್ಧ ದಾರಿ. ಮೊದಲು ಹೊಗೆ ಬಿಟ್ಟು ಯಾವ ಕೊಳವೆ ಎಲ್ಲಿ ತೆರೆಯುತ್ತದೆ ಎಂದು ಗುರುತಿಸಿ. ಕೊಳವೆಗಳ ನಡುವಿನ ತೆಳು ಇಟ್ಟಿಗೆ ಒಡೆದಿರುವುದುಂಟು. ಪ್ರತಿ ಅಂತಸ್ತಿನಲ್ಲಿ ಬೆಂಕಿ ತಡೆ ತುಂಬಿ. ಬಳಸದ ಬೇರೆ ಕೊಳವೆಗಳನ್ನು ಪೂರ್ತಿ ಮುಚ್ಚದೆ ಮೇಲೂ ಕೆಳಗೂ ಗಾಳಿಕಿಂಡಿ ಬಿಡಿ. ಇಲ್ಲವಾದರೆ ಮಸಿಯಲ್ಲಿರುವ ಲವಣ ತೇವ ಹೀರಿ ಗೋಡೆಯ ಮೇಲೆ ಕಂದು ಕಲೆ ಮೂಡುತ್ತದೆ, ಎಷ್ಟು ಬಣ್ಣ ಬಳಿದರೂ ಹೋಗುವುದಿಲ್ಲ. ಕೋಣೆಯೊಳಗೆ ಮೂಲ ಗೋಡೆಯಂಚಿನ ಹಲಗೆಯ ಮುಂದೆ ಹೊಸ ತಂತಿಪೆಟ್ಟಿಗೆ ನಿಲ್ಲಿಸಿ, ಗೋಡೆ ಸೀಳಬೇಡಿ. ದಪ್ಪ ಗೋಡೆಯ ಮನೆಯಲ್ಲಿ ವೈಫೈ ಪೆಟ್ಟಿಗೆ ಅಂತಸ್ತಿಗೆ ಒಂದಾದರೂ ಬೇಕು.

ಹೊರಗಿನ ಹೊಸ ಗಾಳಿ ತಲೆಗೆ ಸೆಕೆಂಡಿಗೆ 10 ಲೀಟರ್ ಬೇಕು. ಒಬ್ಬರು, ಅವರ ಕಂಪ್ಯೂಟರ್ ಸೇರಿ ಸುಮಾರು 200 ವ್ಯಾಟ್ ಶಾಖ ಹೊರಬಿಡುತ್ತಾರೆ. 25 ಚದರ ಮೀಟರ್ ಕೋಣೆಯಲ್ಲಿ ಎಂಟು ಜನ ಕೂತರೆ 1.6 ಕಿಲೋವ್ಯಾಟ್. ಅಲ್ಲಿ ಹವಾನಿಯಂತ್ರಕಕ್ಕೆ ಜಾಗ ಹುಡುಕುವ ಮೊದಲು ಜನರನ್ನು ನಾಲ್ಕೈದಕ್ಕೆ ಇಳಿಸಿ.

ಕಿಟಕಿಗಳು

ಹಳೆಯ ಕಿಟಕಿಯ ಗಾಜನ್ನು ಬದಲಿಸದೆ ಒಳಗಿನಿಂದ ಇನ್ನೊಂದು ಕಿಟಕಿ ಕೂರಿಸಿ. ಶಾಖ ಉಳಿಸಲು ಸುಮಾರು 20 ಮಿಮೀ ಅಂತರ ಸಾಕು, ಬೀದಿಯ ಸದ್ದು ತಡೆಯಲು 100 ಮಿಮೀಗಿಂತ ಹೆಚ್ಚು ಬೇಕು. ಒಳಗಿನದಕ್ಕೆ ಮಾತ್ರ ಬಿಗಿ ಮುದ್ರೆ ಹಾಕಿ, ಹೊರಗಿನದು ಸ್ವಲ್ಪ ಗಾಳಿ ಬಿಡಲಿ. ಎರಡನ್ನೂ ಬಿಗಿದರೆ ನಡುವೆ ನೀರು ಕಟ್ಟಿ ಮರ ಕೊಳೆಯುತ್ತದೆ. ಮೇಲೆ ಕೆಳಗೆ ಸರಿಯುವ ಕಿಟಕಿಗೆ ದಪ್ಪ ಗಾಜು ಹಾಕಿದರೆ ಪೆಟ್ಟಿಗೆಯೊಳಗಿನ ತೂಕದ ಗುಂಡನ್ನೂ ಅಷ್ಟೇ ಹೆಚ್ಚಿಸಬೇಕು, ಇಲ್ಲವಾದರೆ ಎತ್ತಿದ ಕಿಟಕಿ ಕೈ ಮೇಲೆ ಬೀಳುತ್ತದೆ. ಒಳಮಡಿಕೆಯ ಮರದ ಬಾಗಿಲುಗಳು ಬಣ್ಣ ಮೆತ್ತಿ ಅಂಟಿಕೊಂಡಿದ್ದರೆ ಬಿಡಿಸಿ. ರಾತ್ರಿ ಅವನ್ನು ಮುಚ್ಚಿದರೆ ಶಾಖ ಉಳಿಯುತ್ತದೆ.

ಈಗ ಮೇಜುಗಳ ನಕ್ಷೆ

ಮೊದಲ ಮಹಡಿಯ ದೊಡ್ಡ ಕೋಣೆ ಸಭೆಗೆ. ಹಿಂಬದಿಯ ಶಾಂತ ಕೋಣೆಗಳು ದಿನವಿಡೀ ಕೂತು ಮಾಡುವ ಕೆಲಸಕ್ಕೆ. ಮೇಲಿನ ಅಂತಸ್ತು ಒಬ್ಬಿಬ್ಬರ ಕೋಣೆಗಳಿಗೆ, ಏಕೆಂದರೆ ಅಲ್ಲಿನ ನೆಲ ತೆಳು. ಸರ್ವರ್ ಪೆಟ್ಟಿಗೆ, ಕಡತ, ಅಡುಗೆಮೂಲೆ ಕೆಳಗೆ. ಆಮ್‌ಸ್ಟರ್‌ಡ್ಯಾಮಿನ ಆಳವಾದ ಮನೆಗಳಲ್ಲಿ ಮುಂಮನೆ, ಹಿಂಮನೆ ಎಂದು ಎರಡಿದ್ದು ನಡುವೆ ಅಂಗಳದಿಂದ ಬೆಳಕು ಬರುತ್ತದೆ. ಆ ಅಂಗಳಕ್ಕೆ ಗಾಜಿನ ಮಾಡು ಹಾಕಿ ಕೋಣೆ ಮಾಡಿಕೊಂಡರೆ ಸುತ್ತಲ ನಾಲ್ಕು ಕೋಣೆಗಳ ಗಾಳಿ ಹೋಗುತ್ತದೆ. ಅಲ್ಲಿನ ಮುಂಗೋಡೆಯ ತುದಿಯ ಎತ್ತುತೊಲೆ ಗಟ್ಟಿಯಿದ್ದರೆ ಕಡಿದಾದ ಮೆಟ್ಟಿಲಲ್ಲಿ ಮೇಜು ಹೊರಬೇಕಿಲ್ಲ, ಕಿಟಕಿಯಿಂದಲೇ ಒಳಗೆ ತೆಗೆದುಕೊಳ್ಳಬಹುದು.

ಗಾಲಿಕುರ್ಚಿಗೆ ದಾರಿ ಮೊದಲಿನಿಂದಲೇ ನಕ್ಷೆಯಲ್ಲಿರಲಿ. 1:12 ಇಳಿಜಾರಿನಲ್ಲಿ 600 ಮಿಮೀ ಏರಲು 7.2 ಮೀಟರ್ ಉದ್ದ ಬೇಕು, ನಡುವಿನ ತಂಗುಕಟ್ಟೆ ಬೇರೆ. ಮುಂಬಾಗಿಲಲ್ಲಿ ಇದು ಅಪರೂಪಕ್ಕೆ ಹಿಡಿಸುತ್ತದೆ. ಹಿಂಬದಿಯಿಂದ ಮಟ್ಟಸ ದಾರಿ ಸಿಕ್ಕರೆ ಅದನ್ನು ಎಲ್ಲರ ಬಾಗಿಲಾಗಿಸಿ. ಲಿಫ್ಟನ್ನು ಆಗಲೇ ರೂಪ ಕೆಟ್ಟ ಹಿಂಬದಿ ಕೋಣೆಯಲ್ಲಿ, ಆಳದ ಗುಂಡಿ ಬೇಡದ ಬಗೆಯದನ್ನು ಕೂರಿಸಿ. ಮೆಟ್ಟಿಲ ಸುರುಳಿಯ ನಡುವಿನ ತೆರವಿಗೆ ಎಂದೂ ಬೇಡ, ಮೇಲಿನ ಬೆಳಕು ಕೆಳಗಿನವರೆಗೆ ಇಳಿಯುವುದು ಅಲ್ಲಿಂದಲೇ.

ತೆಗೆದ ಪ್ರತಿ ಕದ, ಪಟ್ಟಿ, ಬೀಗಕ್ಕೂ ಕೋಣೆಯ ಸಂಖ್ಯೆ ಬರೆದ ಚೀಟಿ ಕಟ್ಟಿ ಅದೇ ಮನೆಯ ಒಣ ಮೂಲೆಯಲ್ಲಿ ಇಡಿ. ಪ್ರತಿ ಮಹಡಿಯ ಬಾಗಿಲ ಬಳಿ ಆ ನೆಲ ಹೊರುವ ಭಾರ, ಜಂತೆಯ ದಿಕ್ಕು, ರ‍್ಯಾಕ್ ಇಡಬಹುದಾದ ಗೋಡೆ ಮೂರನ್ನೂ ತೋರಿಸುವ ಸಣ್ಣ ಫಲಕ ಹಾಕಿ. ಮಾಡಿನ ದೋಣಿಯನ್ನು ವರ್ಷಕ್ಕೆ ಎರಡು ಸಲ ಕಸ ತೆಗೆದು ಚೊಕ್ಕಟ ಮಾಡಬೇಕು, ಅದರಲ್ಲೊಂದು ಎಲೆ ಉದುರಿ ಮುಗಿದ ಮೇಲೆ. ಮಾಡಿಗೆ ಹತ್ತುವ ಕಿಂಡಿಯ ಕೀಲಿ ಕಚೇರಿಯ ಯಾರ ಬಳಿ ಇರುತ್ತದೆ ಎಂಬುದನ್ನು ಒಳಗೆ ಕಾಲಿಡುವ ದಿನವೇ ಗೊತ್ತುಮಾಡಿ.